ಹಿಡಿಗೊಂದು ಆಜ್ಞೆ

ನಮ್ಮೂರ ಚರ್ಚಿನ ಚರಿತ್ರೆ ಬರೆದುಕೊಡಿ ಎಂದು ಈಗಿನ ಹುಡುಗರು ನನ್ನ ಹತ್ತಿರ ಬಂದಿದ್ದರು. ಗೋಡೆ ಎದ್ದ ವರ್ಷ, ಹೆಂಚು ಹೊದಿಸಿದ ವರ್ಷ, ಬಂದುಹೋದ ಪಾದ್ರಿಗಳ ಪಟ್ಟಿ, ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಅದೆಲ್ಲ ಕೋಲಾರದಲ್ಲಿ ದೊಡ್ಡ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಹೋಗಿ ಇಳಿಸಿಕೊಳ್ಳಿ ಎಂದು ಗದರಿದೆ. ನಮ್ಮ ಅಜ್ಜಿ ಒಂದು ಭಾನುವಾರ ರಾಗಿ ಬೀಸದೆ ಹೋಗಿದ್ದರೆ ಇವರಿಗೆ ಬರೆಯಲು ಚರ್ಚೂ ಇರುತ್ತಿರಲಿಲ್ಲ, ಚರಿತ್ರೆಯೂ ಇರುತ್ತಿರಲಿಲ್ಲ. ಅದನ್ನು ಬರೆದುಕೊಡುತ್ತೇನೆ, ಬೇಕಾದರೆ ಅಚ್ಚು ಹಾಕಿಸಿ, ಬೇಡದಿದ್ದರೆ ಬಿಡಿ ಎಂದೆ.

ನಮ್ಮೂರು ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ. ಊರು ಕೆರೆ ಏರಿಯ ಆ ಕಡೆ, ನಮ್ಮ ಕೇರಿ ಈ ಕಡೆ. ಕೇರಿಯ ಕೊನೆಗೆ, ಹುಣಸೆ ಮರದ ಪಕ್ಕ, ಮಣ್ಣಿನ ಗೋಡೆ ಎಬ್ಬಿಸಿ ಹುಲ್ಲು ಹೊದಿಸಿದ ಒಂದು ಉದ್ದನೆಯ ಕೋಣೆ. ಅದೇ ಚರ್ಚು. ವಾರದ ದಿನಗಳಲ್ಲಿ ಅದೇ ಇಸ್ಕೂಲು. ಭಾನುವಾರ ಆರಾಧನೆ ನಡೆಸುವುದೂ ವಾರವೆಲ್ಲ ನಮಗೆ ಅಕ್ಷರ ಕಲಿಸುವುದೂ ಒಬ್ಬರೇ, ಉಪದೇಶಿ ಅಯ್ಯನವರು. ತೆಳ್ಳಗಿನ ಮನುಷ್ಯ. ಮಳೆಗಾಲವಿರಲಿ ಬೇಸಿಗೆಯಿರಲಿ ಕಂಕುಳಲ್ಲಿ ಕೊಡೆ ಇರಲೇಬೇಕು. ದೇವರಿಗೆ ಎಷ್ಟು ಹೆದರುತ್ತಿದ್ದರೋ ಗೊತ್ತಿಲ್ಲ, ಕೋಲಾರದ ದೊರೆಗಳಿಗಂತೂ ಚೆನ್ನಾಗಿ ಹೆದರುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನನಗೆ ಆಗ ಹನ್ನೊಂದು ವರ್ಷ. ಆ ಬೇಸಿಗೆಯಲ್ಲಿ ದೊರೆಗಳಿಂದ ಒಂದು ಕಾಗದ ಬಂತು. ದೊರೆಗಳೆಂದರೆ ಆ ಸೀಮೆಯ ಹಳ್ಳಿ ಚರ್ಚುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಬಿಳಿಯ ಪಾದ್ರಿ. ಹೊರದೇಶದಿಂದ ಬರುವ ಸಹಾಯ ಕಡಿಮೆಯಾಗಿದೆ, ದೀಕ್ಷಾಸ್ನಾನ ಪಡೆದ ದೊಡ್ಡವರು ಹನ್ನೆರಡು ಮಂದಿ ಇಲ್ಲದ ಊರಿನಲ್ಲಿ ಇನ್ನು ಮೇಲೆ ಚರ್ಚು ನಡೆಸಲು ಆಗುವುದಿಲ್ಲ, ಅಂಥ ಊರಿನ ಉಪದೇಶಿಯನ್ನು ಮಾಲೂರಿನ ಕಡೆಗೆ ಕಳಿಸಲಾಗುವುದು ಎಂದು ಅದರಲ್ಲಿತ್ತು. ಸುಗ್ಗಿ ಮುಗಿದ ಮೇಲೆ ದೊರೆಗಳೇ ಬಂದು ತಲೆ ಎಣಿಸುತ್ತಾರಂತೆ. ಉಪದೇಶಿಯವರು ಭಾನುವಾರದ ಆರಾಧನೆಯಲ್ಲಿ ಕಾಗದ ಓದಿ ಮಡಿಸಿಟ್ಟು ದೀಕ್ಷಾಸ್ನಾನವಾದ ದೊಡ್ಡವರನ್ನೆಲ್ಲ ಈ ಕಡೆಯಿಂದ ಒಂದು ಸಲ ಎಣಿಸಿದರು. ಆಮೇಲೆ ಆ ಕಡೆಯಿಂದ ಎಣಿಸಿದರು. ಎಲ್ಲಿಂದ ಎಣಿಸಿದರೂ ಹನ್ನೊಂದೇ.

ಹನ್ನೆರಡನೆಯ ತಲೆ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿತ್ತು. ಅವಳು ನಮ್ಮ ಅಪ್ಪನ ತಾಯಿ, ನನ್ನ ಅಜ್ಜಿ. ನಮ್ಮ ಮನೆಯಲ್ಲಿ ಅಪ್ಪನಿಗೂ ಅಮ್ಮನಿಗೂ ದೀಕ್ಷಾಸ್ನಾನವಾಗಿತ್ತು, ನನಗೆ ತೊಟ್ಟಿಲಲ್ಲೇ ಆಗಿತ್ತು, ಅಜ್ಜಿಗೆ ಆಗಿರಲಿಲ್ಲ. ಭಕ್ತಿ ಇಲ್ಲವೆಂದಲ್ಲ. ಆ ಕಾಲದಲ್ಲಿ ದೀಕ್ಷಾಸ್ನಾನ ಬೇಕೆಂದ ದೊಡ್ಡವರು ದೊರೆಗಳ ಮುಂದೆ ಕೂತು ಹತ್ತು ಆಜ್ಞೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಬಾಯಿಪಾಠ ಒಪ್ಪಿಸಬೇಕಾಗಿತ್ತು. ಅಜ್ಜಿ ಎರಡು ಸಲ ಕೂತು ಎರಡು ಸಲವೂ ಸೋತಿದ್ದಳು. ಮೊದಲ ಸಲ ಮೂರು ಆಜ್ಞೆ ಹೇಳಿ ನಿಂತಳಂತೆ, ಎರಡನೆಯ ಸಲ ಒಂದೇ. ಇನ್ನು ಯಾರ ಮುಂದೆಯೂ ಕೂತು ಒಪ್ಪಿಸುವವಳಲ್ಲ ಎಂದು ಆವತ್ತೇ ಸೆರಗು ಕೊಡವಿ ಎದ್ದುಬಂದಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ನಮ್ಮಜ್ಜಿ.

ಹಾಗಂತ ಚರ್ಚು ಬಿಟ್ಟವಳಲ್ಲ. ಪ್ರತಿ ಶನಿವಾರ ಸಂಜೆ ಅದರ ನೆಲಕ್ಕೆಲ್ಲ ಸಗಣಿ ಸಾರಿಸುತ್ತಿದ್ದವಳು ಅವಳೇ. ಯಾರೂ ಹೇಳಿದ ಕೆಲಸವಲ್ಲ ಅದು. ಭಾನುವಾರ ಮಾತ್ರ ತಾನು ಸಾರಿಸಿದ ನೆಲದಲ್ಲಿ ಬಾಗಿಲ ಹತ್ತಿರದ ಎರಡು ಮೊಳ ಜಾಗ ಬಿಟ್ಟು ಮುಂದಕ್ಕೆ ಬರುತ್ತಿರಲಿಲ್ಲ. ಕ್ರಿಸ್ಮಸ್ಸಿಗೂ ಈಸ್ಟರಿಗೂ ನಾವೆಲ್ಲ ಮುಳಬಾಗಿಲಿನ ದೊಡ್ಡ ಚರ್ಚಿಗೆ ನಡೆದುಹೋಗುತ್ತಿದ್ದೆವು. ರೊಟ್ಟಿಯ ತುಂಡು, ದ್ರಾಕ್ಷಿ ರಸ ಹಂಚಿಕೊಳ್ಳುವ ಕರ್ತನ ಭೋಜನ ನಮ್ಮಂಥ ಚಿಕ್ಕ ಊರಿನಲ್ಲಿ ನಡೆಯುತ್ತಿರಲಿಲ್ಲ, ಅಲ್ಲಿಗೇ ಹೋಗಬೇಕಿತ್ತು. ಮಕ್ಕಳು ಅಮ್ಮಂದಿರ ಪಕ್ಕ ಒಳಗೇ ಕೂರಬಹುದಿತ್ತು. ದೀಕ್ಷಾಸ್ನಾನವಾಗದ ದೊಡ್ಡವರು ಎದ್ದು ಹೊರಗೆ ಹೋಗಬೇಕು. ಅಜ್ಜಿ ಯಾರೂ ಹೇಳುವ ಮೊದಲೇ ಹೋಗಿ ಮರದ ಕೆಳಗೆ ಕೂತು ಎಲ್ಲರ ಬುತ್ತಿ ಗಂಟುಗಳನ್ನು ಕಾಯುತ್ತಿದ್ದಳು. ಮುಳಬಾಗಿಲಿನ ಬೀದಿ ನಾಯಿಗಳು ಅವಳ ಕೋಲಿಗೆ ಹೆದರಿ ಹತ್ತಿರ ಸುಳಿಯುತ್ತಿರಲಿಲ್ಲ. ಹೊರಗೆ ಕೂತು ನಿನಗೆ ಬೇಜಾರಾಗಲ್ವಾ ಎಂದು ನಾನು ಒಂದು ಸಲ ಕೇಳಿದ್ದೆ.

"ಯಾರಾದ್ರೂ ಕಾಯ್ಬೇಕಲ್ಲ ಕಣೇ," ಅಂದಿದ್ದಳು ಅಜ್ಜಿ. ಆಮೇಲೆ ದಾರಿಯುದ್ದಕ್ಕೂ ನಮ್ಮೆಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಕಾಗದ ಬಂದ ಮೇಲೆ ಉಪದೇಶಿಯವರು ನಮ್ಮ ಮನೆ ಜಗಲಿಗೆ ಬಂದು ಕೂತು ಅಜ್ಜಿಯನ್ನು ಬೇಡಿಕೊಂಡರು. ಅಜ್ಜಿ ರಾಗಿ ಕೇರುತ್ತಾ ಕಿವಿ ಕೇಳದವಳ ಹಾಗೆ ಕೂತಿದ್ದಳು. ಅಪ್ಪ ಹೇಳಿದ, ಅಮ್ಮ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಅವಳ ಮನಸ್ಸು ತಿರುಗಿದ್ದು ಅಮ್ಮ ಆಡಿದ ಬೇರೆ ಒಂದು ಮಾತಿನಿಂದ. ಉಪದೇಶಿಯವರು ಹೋದರೆ ಇಸ್ಕೂಲೂ ಹೋಯಿತು, ಇವಳನ್ನು ಬರುವ ವರ್ಷದಿಂದ ಕಳೆ ಕೀಳುವುದಕ್ಕೆ ಕಳಿಸೋಣ ಎಂದು ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ನಮ್ಮ ಕೇರಿಯಲ್ಲಿ ಓದಲು ಬರುತ್ತಿದ್ದ ಹುಡುಗಿ ನಾನೊಬ್ಬಳೇ. ನಾನು ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತೆ. ಅಜ್ಜಿ ಮೊರ ಕೆಳಗಿಟ್ಟು ನನ್ನ ಜಡೆ ಹಿಡಿದು ಎಳೆದಳು.

"ಅಳಬೇಡ. ಪುಸ್ತಕ ತಗೊಂಡು ಬಾ. ನನಗೆ ಹೇಳ್ಕೊಡೋಳು ನೀನೇ ಕಣೇ, ಆ ಅಯ್ನೋರು ಬೇಡ."

ಹೀಗೆ ನಾನು ನಮ್ಮಜ್ಜಿಗೆ ಮೇಷ್ಟ್ರಾದೆ. ಆದದ್ದೇನೋ ಆದೆ, ದೇವರೇ ಗತಿ. ಎರಡು ತಿಂಗಳು ದಿನಾ ಸಂಜೆ ಜಗಲಿಯಲ್ಲಿ ಎದುರುಬದುರು ಕೂತು ಹೇಳಿಕೊಟ್ಟೆ. ಹೇಳುವಾಗ ಹೇಳುತ್ತಿದ್ದಳು, ಮರುದಿನಕ್ಕೆ ತೊಳೆದಿಟ್ಟ ಮಡಕೆ. ಎರಡನೆಯ ಆಜ್ಞೆ ಬಂದರೆ ಮೊದಲನೆಯದು ಹೋಯಿತು, ಮೊದಲನೆಯದು ಬಂದರೆ ಎರಡನೆಯದು ಹೋಯಿತು. ನಾನು ಉಪದೇಶಿಯವರ ಹಾಗೆ ನೆಲಕ್ಕೆ ಕೋಲು ಕುಟ್ಟಿ ಗದರಿಸಿದೆ. ಅಜ್ಜಿ ಆ ಕೋಲನ್ನು ಕಿತ್ತುಕೊಂಡು ಒಲೆಗೆ ಹಾಕಿದಳು.

ಒಂದು ದಿನ ಕೋಳಿ ಕೂಗುವ ಹೊತ್ತಿಗೆ ರಾಗಿ ಬೀಸಲು ನನ್ನನ್ನೂ ಎಬ್ಬಿಸಿದಳು. ರಾಗಿಕಲ್ಲಿನ ಗೂಟ ಒಬ್ಬರೇ ಹಿಡಿದರೆ ಭಾರ, ಎದುರಿಗೆ ಇನ್ನೊಬ್ಬರು ಕೂತು ಕೈ ಕೊಟ್ಟರೆ ಕಲ್ಲು ಹಗುರಾಗಿ ತಿರುಗುತ್ತದೆ. ಆ ಕಲ್ಲು ಅಜ್ಜಿಯ ತವರಿನದು. ದೇವರಾಯಸಮುದ್ರದಿಂದ ಮದುವೆಯ ಗಾಡಿಯಲ್ಲಿ ಅವಳ ಜೊತೆಗೇ ಬಂದದ್ದು. ಬೀಸುವ ಮೊದಲು ಅದಕ್ಕೆ ಕೈ ಮುಗಿಯುವುದು ಅವಳ ಅಮ್ಮನಿಂದ ಬಂದ ಅಭ್ಯಾಸ. ಕೈ ಮುಗಿದು, ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿ, ಬೀಸುವ ಪದ ಎತ್ತಿಕೊಂಡಳು. ಹಿಂದಿನ ಸಂಜೆಯ ಸಿಟ್ಟು ನನಗೆ ಇನ್ನೂ ಇಳಿದಿರಲಿಲ್ಲ. ಈ ಹಾಡೆಲ್ಲ ಎಷ್ಟು ಚೆನ್ನಾಗಿ ನೆನಪಿರುತ್ತೆ ನಿನಗೆ, ದೇವರ ಮಾತು ಮಾತ್ರ ನಿಲ್ಲಲ್ಲ ಎಂದು ಹಂಗಿಸುತ್ತಾ ಅವಳದೇ ರಾಗದಲ್ಲಿ ಮೊದಲನೆಯ ಆಜ್ಞೆಯನ್ನು ಎಳೆದು ಹಾಡಿದೆ. ಅಣಕಕ್ಕೆ ಹಾಡಿದ್ದು. ಅಜ್ಜಿ ಬೀಸುವುದನ್ನು ನಿಲ್ಲಿಸದೆ ಅದನ್ನೇ ತಿರುಗಿ ಹಾಡಿದಳು. ಕಲ್ಲು ಸುತ್ತಿತು, ಹಿಡಿ ರಾಗಿ ಹಿಟ್ಟಾಗಿ ಇಳಿಯಿತು. ಎರಡನೆಯ ಹಿಡಿ ಹಾಕಿ ನನ್ನ ಮುಖ ನೋಡಿದಳು. ನಾನು ಎರಡನೆಯ ಆಜ್ಞೆ ಹಾಡಿದೆ.

ಹಿಡಿಗೊಂದು ಆಜ್ಞೆ. ಹತ್ತು ಹಿಡಿಗೆ ಹತ್ತು. ಮರುದಿನ ಬೆಳಿಗ್ಗೆ ನಾನು ಬಾಯಿ ತೆರೆಯಲೇ ಇಲ್ಲ, ಅಜ್ಜಿ ಒಬ್ಬಳೇ ಆರು ಹಿಡಿಯ ತನಕ ಹೋದಳು. ಒಂದು ವಾರದಲ್ಲಿ ಹತ್ತೂ ಬಂದವು, ಹದಿನೈದು ದಿನಕ್ಕೆ ಕರ್ತನ ಪ್ರಾರ್ಥನೆಯೂ ಬಂತು. ನಡುವೆ ನಡುವೆ ತೆಲುಗು ಮಾತು ಸೇರಿಕೊಳ್ಳುತ್ತಿತ್ತು, ನಮ್ಮ ಕಡೆ ಯಾರ ಬಾಯಲ್ಲಿ ಸೇರುವುದಿಲ್ಲ? ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಉಪದೇಶಿಯವರ ಹತ್ತಿರ ಹೋಗಿ, ಅಜ್ಜಿ ತಯಾರಾಗಿದ್ದಾಳೆ, ದೊರೆಗಳು ಯಾವತ್ತು ಬೇಕಾದರೂ ಬರಲಿ ಎಂದು ಜಂಬ ಕೊಚ್ಚಿದೆ. ಅವರು ನಂಬಿ ದೊರೆಗಳಿಗೆ ಕಾಗದ ಬರೆದರು. ಕಲ್ಲಿನ ಮುಂದಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿ ಒಂದು ಸಲವಾದರೂ ಹೇಳಿಸಿ ನೋಡಿದ್ದೆನಾ? ಇಲ್ಲ. ದಿನಾ ಬೀಸುವವರಿಗೆ ಹಾಡೂ ಕಲ್ಲೂ ಬೇರೆ ಬೇರೆ ಅನ್ನುವುದು ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ, ಅಜ್ಜಿಗೂ ಹೊಳೆಯಲಿಲ್ಲ.

ರಾಗಿ ಕಣಕ್ಕೆ ಬಂದು ಮನೆ ಸೇರಿದ ಮೇಲಿನ ಒಂದು ಭಾನುವಾರ ದೊರೆಗಳು ಬಂದರು. ಮೋಟಾರು ರಸ್ತೆಯಲ್ಲೇ ನಿಂತಿತು. ಒಂದೂವರೆ ಮೈಲಿ ನಡೆದು ಬರುವಷ್ಟರಲ್ಲಿ ಅವರ ಕಿವಿಯೆಲ್ಲ ಕೆಂಪಾಗಿತ್ತು. ಅವರ ಊಟದ ಬುಟ್ಟಿಯನ್ನು ಉಪದೇಶಿಯವರು ತಲೆಯ ಮೇಲೆ ಹೊತ್ತು ತಂದರು. ಅದನ್ನು ಎಲ್ಲಿಡುವುದು ಎಂದು ತಿರುಗಿ ನೋಡುತ್ತಿದ್ದಾಗ ಅಜ್ಜಿ, ಹುಣಸೆ ಮರದ ಕೆಳಗೆ ಇಡಿ, ನಾನು ನೋಡ್ಕೋತೀನಿ ಎಂದಳು. ಬಾಯಿಗೆ ಅಭ್ಯಾಸವಾಗಿದ್ದ ಮಾತು, ಬಂದುಬಿಟ್ಟಿತು. ಆವತ್ತು ಒಗೆದ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಾಕಿ ನಾನೇ ಬಾಚಿದ್ದೆ.

ಆರಾಧನೆ ಮುಗಿದ ಮೇಲೆ ದೊರೆಗಳು ಅಜ್ಜಿಯನ್ನು ಮುಂದಕ್ಕೆ ಕರೆದು ಬೆಂಚಿನ ಮೇಲೆ ಕೂರಿಸಿದರು. ನೆಲ ಬಿಟ್ಟು ಮೇಲೆ ಕೂತು ಅಭ್ಯಾಸವಿಲ್ಲದ ಅಜ್ಜಿಯ ಕಾಲು ನೆಲಕ್ಕೆ ಎಟುಕಲಿಲ್ಲ. ಕೈ ಎರಡೂ ಮಡಿಲಲ್ಲಿ. ದೊರೆಗಳು ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದರು. ದಯಮಾಡಿ ಪ್ರಾರಂಭಿಸಬೇಕು ಎಂದರು. ಅಜ್ಜಿ ಮೊದಲನೆಯ ಆಜ್ಞೆ ಹೇಳಿದಳು. ಆಮೇಲೆ ಸುಮ್ಮನಾದಳು. ದೊರೆಗಳು ಕಾದರು. ಒಳ್ಳೆಯ ಮನುಷ್ಯ, ಎರಡನೆಯದರ ಮೊದಲ ಶಬ್ದವನ್ನು ತಾವೇ ಎತ್ತಿಕೊಟ್ಟರು. ಅಜ್ಜಿ ಬಾಯಿ ತೆರೆದಳು, ಏನೂ ಬರಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡಳು. ಉಪದೇಶಿಯವರ ಮುಖ ನೋಡಲಾಗುತ್ತಿರಲಿಲ್ಲ, ಮಾಲೂರಿನ ದಾರಿ ಅವರ ಕಣ್ಣೆದುರಿಗೇ ಬಂದು ನಿಂತಿತ್ತು. ಎಷ್ಟೋ ಹೊತ್ತಾದ ಮೇಲೆ ದೊರೆಗಳು ಬೇಸರದಿಂದ ಪೆನ್ನಿನ ಮುಚ್ಚಳ ಹಾಕಿದರು.

ಆಗ ನಾನು ಅಜ್ಜಿಯ ಕೈ ನೋಡಿದೆ. ಮಡಿಲಲ್ಲಿದ್ದ ಬಲಗೈ ಮುಷ್ಟಿ ಕಟ್ಟಿಕೊಂಡು ಮೆಲ್ಲಗೆ ಸುತ್ತುತ್ತಿತ್ತು, ಗೂಟ ಹುಡುಕುತ್ತಿತ್ತು. ನಾನು ಎದ್ದು ನಿಂತೆ.

"ದೊರೆಗಳೇ, ನಮ್ಮಜ್ಜಿಗೆ ಕಲ್ಲು ಬೇಕು."

ಉಪದೇಶಿಯವರು ಕೂತುಕೊಳ್ಳೇ ಎಂದು ಹಲ್ಲು ಕಚ್ಚಿದರು. ನಾನು ಕೂರಲಿಲ್ಲ. ಜಗಲಿಯ ಪಾಠ, ಒಲೆಗೆ ಹೋದ ಕೋಲು, ಹಿಡಿಗೊಂದು ಆಜ್ಞೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಕಲ್ಲಿನ ಮುಂದೆ ಕೂತರೆ ಹತ್ತೂ ಹೇಳುತ್ತಾಳೆ, ಹೇಳದಿದ್ದರೆ ನನ್ನ ಹೆಸರು ಹಾಜರಿ ಪುಸ್ತಕದಿಂದ ಹೊಡೆದುಹಾಕಿ ಎಂದೆ. ದೊರೆಗಳು ಉಪದೇಶಿಯವರ ಕಡೆ ತಿರುಗಿ, ಬೆಂಚಿನ ಮೇಲೆ ಕುಳಿತೇ ಒಪ್ಪಿಸಬೇಕೆಂಬ ನಿಯಮ ಎಲ್ಲಾದರೂ ಬರೆದಿದೆಯೇ ಎಂದು ಕೇಳಿದರು. ಬರೆದಿಲ್ಲ ದೊರೆಗಳೇ ಎಂದರು ಇವರು. ಹಾಗಾದರೆ ತರಿಸಿರಿ, ನಾನು ಮಧ್ಯಾಹ್ನಕ್ಕೆ ಶ್ರೀನಿವಾಸಪುರ ತಲುಪಬೇಕು ಎಂದರು ಅವರು.

ಅಪ್ಪ ಮತ್ತು ಇನ್ನೂ ಮೂವರು ಓಡಿದರು. ಅಡಿಗಲ್ಲು ಮನೆಯ ನೆಲದಲ್ಲಿ ಹೂತಿತ್ತು, ಹಾರೆ ಹಾಕಿ ಎಬ್ಬಿಸಬೇಕಾಯಿತು. ಹಗ್ಗ ಬಿಗಿದು ಬೊಂಬಿಗೆ ತೂಗುಹಾಕಿ ಹೊತ್ತು ತರುವಾಗ ಏರಿಯ ಮೇಲಿದ್ದ ಊರಿನವರು ನೋಡಿ ಬಿದ್ದು ಬಿದ್ದು ನಕ್ಕರು. ಏನ್ಲಾ, ನಿಮ್ಮ ದೇವರಿಗೂ ಮುದ್ದೆ ಬೇಕಂತೇನ್ಲಾ ಎಂದು ಒಬ್ಬ ಕೂಗಿದ. ಅಪ್ಪನಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, ಜೋಪಾನ, ಗೂಟ ಮುರಿದೀತು, ಮೇಲ್ಗಲ್ಲು ಆ ಕಡೆ ಹಿಡಿಯಿರಿ ಎಂದು ದೊರೆಗಳಿದ್ದಾರೆ ಅನ್ನುವುದನ್ನೇ ಮರೆತು ಅಧಿಕಾರ ನಡೆಸುತ್ತಿದ್ದಳು. ಅವಳ ಗಂಟಲು ತಿರುಗಿ ಬಂದದ್ದು ಕೇಳಿ ನನ್ನ ಜೀವಕ್ಕೆ ಜೀವ ಬಂತು.

ಚರ್ಚಿನ ನಡುವೆ ಗೋಣಿತಾಟು ಹಾಸಿ ಕಲ್ಲು ಕೂರಿಸಿದರು. ಅಮ್ಮ ಮೊರದಲ್ಲಿ ರಾಗಿ ತಂದಿಟ್ಟಳು. ಅಜ್ಜಿ ನೆಲದ ಮೇಲೆ ಕೂತು, ಒಂದು ಕಾಲು ಚಾಚಿ, ಸೀರೆ ಸರಿಮಾಡಿಕೊಂಡು, ಕಲ್ಲಿಗೆ ಎರಡೂ ಕೈ ಜೋಡಿಸಿ ಮುಗಿದಳು.

ನಾನು ಇದನ್ನು ಮರೆತೇಬಿಟ್ಟಿದ್ದೆ. ಹತ್ತು ಆಜ್ಞೆಗಳಲ್ಲಿ ಮೊದಲನೆಯದು ಬೇರೆ ದೇವರು ಕೂಡದು, ಎರಡನೆಯದು ವಿಗ್ರಹಕ್ಕೆ ಅಡ್ಡಬೀಳಕೂಡದು ಅನ್ನುವುದು ಚರ್ಚಿಗೆ ಹೋಗುವವರಿಗೆಲ್ಲ ಗೊತ್ತು. ಕಲ್ಲಿಗೆ ಕೈ ಮುಗಿದವಳು ಅದನ್ನೇ ಒಪ್ಪಿಸಲು ಹೊರಟಿದ್ದಾಳೆ, ಅದೂ ದೊರೆಗಳ ಎದುರಿಗೆ. ಉಪದೇಶಿಯವರ ಕಂಕುಳಿನ ಕೊಡೆ ಕೆಳಗೆ ಬಿತ್ತು. ದೊರೆಗಳ ಮುಖ ಗಂಭೀರವಾಯಿತು. ಅಮ್ಮಾ, ನೀವು ಈಗ ಯಾರಿಗೆ ಕೈ ಮುಗಿದಿರಿ ಎಂದು ಕೇಳಿದರು.

ಅಜ್ಜಿ ತಲೆಯೆತ್ತಿ ಅವರನ್ನು ನೋಡಿದಳು. ಹೆದರಿಕೆ ಏನೂ ಇರಲಿಲ್ಲ ಆ ಮುಖದಲ್ಲಿ.

"ಅನ್ನ ಕೊಡೋ ಕಲ್ಲು ಸಾಮಿ, ಅದಕ್ಕೆ ಮುಗಿದೆ. ಬೆಳಿಗ್ಗೆ ನಿಮ್ಮನ್ನ ಕಂಡಾಗ್ಲೂ ಮುಗಿದ್ನಲ್ಲ. ನೀವೇನು ದೇವರಾ?"

ಹೊರಗೆ ಏರಿಯ ಮೇಲೆ ದನ ಕಾಯುವವರ ಕೂಗು ಕೇಳುತ್ತಿತ್ತು. ದೊರೆಗಳು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ತಿರುಗಿ ಹಾಕಿಕೊಂಡರು.

"ಇಲ್ಲ ತಾಯಿ. ನಾನು ದೇವರಲ್ಲ. ನೀವು ಬೀಸಿರಿ."

ನಾನು ಎದುರಿಗೆ ಕೂರಲು ಓಡಿದೆ. ದೊರೆಗಳು ತಡೆದರು. ಹೇಳಿಕೊಟ್ಟವಳೇ ಎದುರಿಗೆ ಕೂತರೆ ಅದು ಪರೀಕ್ಷೆಯಲ್ಲ ಎಂದರು. ನ್ಯಾಯವೇ. ಬೇರೆಯವರು ಕೂತರೂ ಅದೇ ಕಷ್ಟ, ಹನ್ನೊಂದು ಮಂದಿಗೂ ಆಜ್ಞೆಗಳು ಗೊತ್ತು, ತುಟಿ ಅಲ್ಲಾಡಿಸಿದರೆ ಸಾಕು. ದೊರೆಗಳು ಸುತ್ತ ಒಂದು ಸಲ ನೋಡಿದರು. ಆಮೇಲೆ ಬೂಟು ಬಿಚ್ಚಿ ಗೋಡೆ ಪಕ್ಕ ಇಟ್ಟು, ಬಿಳಿ ಷರಾಯಿ ಹಾಕಿಕೊಂಡಿದ್ದ ಆ ಎತ್ತರದ ಮನುಷ್ಯ ಸಗಣಿ ಸಾರಿಸಿದ ನೆಲದ ಮೇಲೆ ಅಜ್ಜಿಯ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದರು.

ಈ ತನಕ ಕಿಟಕಿಯಲ್ಲಿ ಇಣುಕುತ್ತಿದ್ದ ಕೇರಿಯವರೆಲ್ಲ, ಚರ್ಚಿನ ಕಡೆ ತಲೆ ಹಾಕದವರೂ ಸೇರಿ, ಬಾಗಿಲಿಗೆ ಬಂದು ತುಂಬಿಕೊಂಡರು. ದೊರೆಗಳು ಕಲ್ಲನ್ನು ತಪ್ಪು ದಿಕ್ಕಿಗೆ ಎಳೆದರು. ಆ ಕಡೆ ಅಲ್ಲ ಸಾಮಿ, ಈ ಕಡೆ ಎಂದು ಅಜ್ಜಿ ಅವರ ಕೈಯನ್ನು ಗೂಟದ ಸಮೇತ ತಿರುಗಿಸಿದಳು. ಮೊದಲ ಹಿಡಿ ರಾಗಿ ಕಲ್ಲಿನ ಬಾಯಿಗೆ ಬಿತ್ತು. ಗರ ಗರ ಎಂದು ಕಲ್ಲು ಎದ್ದಿತು, ಅದರ ಜೊತೆಗೇ ಅಜ್ಜಿಯ ಗಂಟಲೂ ಎದ್ದಿತು. ಒಂದನೆಯದು. ಹಿಡಿ. ಎರಡನೆಯದು. ಹಿಡಿ. ಮೂರು, ನಾಲ್ಕು. ಹಿಟ್ಟು ಸುತ್ತಲೂ ಗೋಣಿತಾಟಿನ ಮೇಲೆ ಇಳಿಯುತ್ತಿತ್ತು. ಐದನೆಯದಕ್ಕೆ ದೊರೆಗಳ ಹಣೆಯಿಂದ ಬೆವರು ತೊಟ್ಟಿಕ್ಕಿತು, ಆರನೆಯದಕ್ಕೆ ಅವರು ಕೈ ಬದಲಿಸಿದರು. ಎಂಟನೆಯದರಲ್ಲಿ ಅಜ್ಜಿ ಕದಿಯುವುದಕ್ಕೆ ದೊಂಗತನ ಎಂದು ತೆಲುಗಿನ ಮಾತನ್ನೇ ಹಾಡಿದಳು. ಉಪದೇಶಿಯವರು ತಿದ್ದಲು ಬಾಯಿ ತೆರೆದರು, ಉಸಿರು ಕಟ್ಟಿದ್ದ ದೊರೆಗಳು ಬಿಡುವಾಗಿದ್ದ ಇನ್ನೊಂದು ಕೈಯನ್ನು ಎತ್ತಿ ಅವರನ್ನು ಸುಮ್ಮನಾಗಿಸಿದರು. ಒಂಬತ್ತು. ಹತ್ತು.

ಹತ್ತಾಯಿತು ಎಂದು ದೊರೆಗಳು ಗೂಟ ಬಿಡಲು ಹೋದರು. ಅಜ್ಜಿ ಬಿಡಲಿಲ್ಲ. ಮೊರದಲ್ಲಿ ಇನ್ನೂ ರಾಗಿ ಇದೆ, ನಡುವೆ ಕಲ್ಲು ನಿಲ್ಲಿಸಬಾರದು ಎಂದಳು. ಉಳಿದ ರಾಗಿಗೆ ಕರ್ತನ ಪ್ರಾರ್ಥನೆ ಎತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಬೀಸುವ ಪದಕ್ಕೆ ಯಾವಾಗಲೂ ಮಾಡುವ ಹಾಗೆ ಸಾಲಿನ ಕೊನೆ ಸಿಕ್ಕಿದ ಕಡೆ ದನಿಗೂಡಿಸಿದರು. ಮಾತು ಅವರಿಗೆ ಗೊತ್ತಿರಲಿಲ್ಲ, ರಾಗ ಗೊತ್ತಿತ್ತು. ಕೊನೆಯ ಕಾಳು ಹಿಟ್ಟಾಗುವುದಕ್ಕೂ ಆಮೆನ್ ಎನ್ನುವುದಕ್ಕೂ ಸರಿಹೋಯಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಗೆದ್ದಳು ನಮ್ಮಜ್ಜಿ, ಅಷ್ಟು ಜನರ ಕಣ್ಣೆದುರಿಗೆ ಕೂತು ಗೆದ್ದಳು. ದೊರೆಗಳು ಅಂಗೈ ಬಿಡಿಸಿ ನೋಡಿಕೊಂಡರು, ಗುಳ್ಳೆ ಎದ್ದಿತ್ತು.

ನಮ್ಮ ಮನೆಯ ಹಿತ್ತಾಳೆ ಚೊಂಬಿನ ನೀರಿನಲ್ಲೇ ದೀಕ್ಷಾಸ್ನಾನವಾಯಿತು. ಅಜ್ಜಿಯ ತಲೆಯ ಮೇಲೆ ಹಿಟ್ಟು ಕೂತಿತ್ತು, ನೀರು ಬಿದ್ದು ಹಣೆಯ ಮೇಲೆ ಇಳಿಯಿತು. ದೊರೆಗಳು ಪೆನ್ನಿನ ಮುಚ್ಚಳ ತೆಗೆದು ಹನ್ನೆರಡನೆಯ ಹೆಸರು ಬರೆದರು. ಇನ್ನು ಇದು ಪೂರ್ಣ ಸಭೆ, ಈವತ್ತೇ ಇಲ್ಲೇ ಕರ್ತನ ಭೋಜನ ನಡೆಸೋಣ ಎಂದರು. ದ್ರಾಕ್ಷಿ ರಸದ ಚಿಕ್ಕ ಸೀಸೆ ಅವರ ಚೀಲದಲ್ಲೇ ಇತ್ತು. ಡಬಲ್ ರೊಟ್ಟಿ ಊಟದ ಬುಟ್ಟಿಯಲ್ಲಿದೆ, ತನ್ನಿರಿ ಎಂದು ಉಪದೇಶಿಯವರನ್ನು ಕಳಿಸಿದರು.

ಹೋದವರು ಬರಿ ಬುಟ್ಟಿ ಹಿಡಿದುಕೊಂಡು ಬಂದರು. ಕೇರಿಯ ನಾಯಿಗಳು ಮೊಟ್ಟೆ, ಮಾಂಸ, ರೊಟ್ಟಿ ಏನೂ ಬಿಟ್ಟಿರಲಿಲ್ಲ, ಹಾಸಿದ್ದ ಬಟ್ಟೆಯನ್ನೂ ನೆಕ್ಕಿದ್ದವು. ಉಪದೇಶಿಯವರು ದೊರೆಗಳ ಮುಖ ನೋಡಲಾರದೆ ಅಜ್ಜಿಯ ಮೇಲೆ ಹರಿಹಾಯ್ದರು. ನೋಡ್ಕೋತೀನಿ ಅಂದಿದ್ದೆಯಲ್ಲ ಅಜ್ಜಮ್ಮ ಎಂದು ಕೇಳಿದರು. ನಾನು ಒಳಗಿದ್ನಲ್ಲ ಅಯ್ನೋರೇ ಎಂದಳು ಅಜ್ಜಿ. ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತೇನೋ, ಬಾಗಿಲ ಹತ್ತಿರದ ತನ್ನ ಜಾಗದ ಕಡೆ ಒಂದು ಸಲ ತಿರುಗಿ ನೋಡಿದಳು. ಆಮೇಲೆ ಕಲ್ಲಿನ ಸುತ್ತ ಬಿದ್ದಿದ್ದ ಹಿಟ್ಟನ್ನು ಅಂಗೈಯಲ್ಲಿ ಬಳಿದು ಮೊರಕ್ಕೆ ಹಾಕಿ, ಹಿಟ್ಟು ಇದೆಯಲ್ಲ, ರೊಟ್ಟಿ ತಟ್ಟು ಹೋಗು ಎಂದು ಅಮ್ಮನ ಕೈಗೆ ಕೊಟ್ಟಳು. ದೊರೆಗಳು ಶ್ರೀನಿವಾಸಪುರದ ಮಾತನ್ನು ಆಮೇಲೆ ಎತ್ತಲಿಲ್ಲ.

ಅಮ್ಮ ಅವಸರದಲ್ಲಿ ಒಂದೇ ಒಂದು ದಪ್ಪ ರಾಗಿ ರೊಟ್ಟಿ ಸುಟ್ಟು ತಂದಳು. ದೊರೆಗಳು ಅದನ್ನು ಎತ್ತಿ ಹಿಡಿದು ಪ್ರಾರ್ಥಿಸಿ, ಗುಳ್ಳೆ ಎದ್ದ ಕೈಯಿಂದ ಮುರಿದರು. ಹನ್ನೆರಡು ಮಂದಿಗೂ ಬಂತು. ಮೊದಲ ತುಂಡು ಅಜ್ಜಿಗೆ ಕೊಟ್ಟರು. ಅವಳು ಬಾಗಿಲ ಹತ್ತಿರದ ತನ್ನ ಜಾಗಕ್ಕೆ ಹೋಗಲಿಲ್ಲ, ಕಲ್ಲಿನ ಪಕ್ಕದಲ್ಲೇ, ಎಲ್ಲರ ನಡುವೆ ಕೂತಿದ್ದಳು. ಕಣ್ಣು ಮುಚ್ಚಿ ಅಗಿದಳು, ಕೆನ್ನೆಯ ಮೇಲೆ ನೀರು ಇಳಿಯಿತು. ನುಂಗಿದ ಮೇಲೆ ಅಮ್ಮನ ಕಡೆ ತಿರುಗಿ, ಉಪ್ಪು ಕಡಿಮೆ ಎಂದಳು.

ಹುಡುಗರು ಕೇಳಿದ ಚರಿತ್ರೆಯನ್ನೂ ಎರಡು ಮಾತಿನಲ್ಲಿ ಬರೆದುಬಿಡುತ್ತೇನೆ. ಉಪದೇಶಿಯವರು ಮಾಲೂರಿಗೆ ಹೋಗಲಿಲ್ಲ. ಇಸ್ಕೂಲು ಮುಚ್ಚಲಿಲ್ಲ. ನಾನು ಅಲ್ಲಿ ಓದಿ, ಕೋಲಾರದಲ್ಲಿ ಓದಿ, ಯುದ್ಧ ಮುಗಿಯುವ ಹೊತ್ತಿಗೆ ಅದೇ ಇಸ್ಕೂಲಿಗೆ ಮೇಷ್ಟ್ರಮ್ಮನಾಗಿ ಬಂದೆ. ಆವತ್ತು ಬಾಗಿಲಲ್ಲಿ ನಿಂತು ದನಿಗೂಡಿಸಿದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು, ಅವರಿಗೆಲ್ಲ ಕಲ್ಲಿನ ಮುಂದೆಯೇ ಪರೀಕ್ಷೆ. ಬೇರೆ ಊರಿನ ಉಪದೇಶಿಗಳು, ಸುಗಟೂರಿನ ಕಡೆಯವರು ಕೂಡ, ಬಂದು ನೋಡಿಕೊಂಡು ಹೋದರು. ಮಣ್ಣಿನ ಗೋಡೆ ಬಿಚ್ಚಿ ಕಲ್ಲಿನ ಗೋಡೆ ಕಟ್ಟುವಾಗ ಊರಿನವರೇ ಏರಿಯ ಆ ಕಡೆಯಿಂದ ಗಾಡಿಗಳಲ್ಲಿ ಕಲ್ಲು ಹೇರಿಕೊಟ್ಟರು. ನಿಮ್ಮ ದೇವರಿಗೆ ಮುದ್ದೆ ಬೇಕೇನ್ಲಾ ಎಂದು ಕೂಗಿದ್ದವನೇ ಮೊದಲ ಗಾಡಿ ಹೊಡೆದುಕೊಂಡು ಬಂದ. ರಾಗಿಕಲ್ಲು ಚರ್ಚಿನಲ್ಲೇ ಇರಲಿ ಎಂದು ದೊರೆಗಳು ಆಸೆಪಟ್ಟಿದ್ದರು. ನಾಳೆ ನಮ್ಮ ಹಿಟ್ಟಿಗೆ ಏನು ಮಾಡಲಿ ಎಂದು ಅಜ್ಜಿ ಅದನ್ನು ಆವತ್ತೇ ಸಂಜೆ ಮನೆಗೆ ಹೊರಿಸಿಕೊಂಡು ಬಂದಿದ್ದಳು.

ಇದೆಲ್ಲ ಆಮೇಲಿನದು. ಆ ಭಾನುವಾರದ ಹಿಂದೆಯೇ ಬಂದ ಈಸ್ಟರಿಗೆ ಎಲ್ಲ ಊರಿನವರೂ ಸೇರುವ ಆರಾಧನೆಗೆ ನಾವು ಯಾವಾಗಲಿನ ಹಾಗೆ ಮುಳಬಾಗಿಲಿಗೆ ನಡೆದುಹೋದೆವು. ಮರದ ಕೆಳಗೆ ಬುತ್ತಿ ಗಂಟುಗಳು ಸಾಲಾಗಿ ಬಿದ್ದವು. ನಾಯಿಗಳು ಅಲ್ಲೇ ಸುಳಿಯುತ್ತಿದ್ದವು. ಅಜ್ಜಿ ತನ್ನ ಕೋಲನ್ನು ಮರಕ್ಕೆ ಒರಗಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಎಲ್ಲರಿಗಿಂತ ಮುಂದೆ ಚರ್ಚಿನ ಮೆಟ್ಟಿಲು ಹತ್ತಿದಳು. ಬೇರೆ ಊರಿನ ಒಬ್ಬ ಹೆಂಗಸು ಗಾಬರಿಯಿಂದ ಹಿಂದೆಯೇ ಬಂದು, ಅಜ್ಜಮ್ಮ, ನೀನೂ ಒಳಗೆ ಹೋದರೆ ಬುತ್ತಿ ಕಾಯುವವರು ಯಾರು ಎಂದು ಕೇಳಿದಳು. ಅಜ್ಜಿ ಹಿಂದಕ್ಕೆ ತಿರುಗಿ ನೋಡಲೂ ಇಲ್ಲ.

"ಇಷ್ಟು ವರ್ಷ ನಾನು ಕಾಯ್ದೆ ಕಣಮ್ಮ. ಇವತ್ತು ದೇವರು ಕಾಯ್ಲಿ," ಅಂದಳು. ಅಂದು ನನ್ನ ಕೈ ಹಿಡಿದುಕೊಂಡು ಒಳಗೆ ಹೋದಳು.